ಕಲ್ಲಿನ ಮೇಲಿನ ಗೆರೆ ನೋಡಿ ಪ್ರಾಣಿಯ ಮೈಕಟ್ಟು ಹೇಳುವುದು ಹೇಗೆ?

ಪ್ರಶ್ನೆ: ಬಾದಾಮಿಗೆ ಹೋಗಿದ್ದಾಗ ಬಂಡೆಯೊಂದರ ಮೇಲೆ ಹುಳು ಹರಿದುಹೋದಂತಹ ಗೆರೆಗಳು ಕಂಡವು. ಮನೆಗೆ ಬಂದು ಓದಿದಾಗ, ಇಂತಹ ಗೆರೆಗಳನ್ನೇ ಹಿಡಿದು ಐವತ್ತೈದು ಕೋಟಿ ವರ್ಷಗಳ ಹಿಂದಿನ ಪ್ರಾಣಿಗಳಿಗೆ ತಲೆಯಿತ್ತು, ಸ್ನಾಯುವಿತ್ತು, ಕರುಳಿತ್ತು ಎಂದೆಲ್ಲ ವಿಜ್ಞಾನಿಗಳು ಹೇಳುತ್ತಾರೆಂದು ತಿಳಿಯಿತು. ಮೂಳೆಯಿಲ್ಲ, ಚಿಪ್ಪಿಲ್ಲ, ಬರೀ ಗೆರೆ. ಅಷ್ಟರಿಂದ ಇಷ್ಟೆಲ್ಲ ಹೇಳುವುದು ಊಹೆಯಲ್ಲವೇ? ಬಾದಾಮಿಯಲ್ಲಿ ನಾನು ಕಂಡದ್ದೂ ಅಂಥದ್ದೇ ಇರಬಹುದೇ?

ಉತ್ತರ: ಊಹೆಯಲ್ಲ. ಆದರೆ ನಿಮ್ಮ ಅನುಮಾನ ನ್ಯಾಯವಾದದ್ದು. ಈ ವಿಷಯದಲ್ಲಿ ಘಟಾನುಘಟಿಗಳೇ ಎಡವಿದ್ದಾರೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೆತ್ತನೆಯ ಮೈಯ ಪ್ರಾಣಿ ಸತ್ತರೆ ಬೇಗ ಕೊಳೆತುಹೋಗುತ್ತದೆ. ಬದುಕಿದ್ದಾಗ ಅದು ಮರಳನ್ನೋ ಕೆಸರನ್ನೋ ಸರಿಸಿ ಮಾಡಿದ ಗುರುತಿನ ಮೇಲೆ ಇನ್ನೊಂದು ಪದರ ಬಿದ್ದು ಮುಚ್ಚಿಕೊಂಡರೆ ಅದು ಕಲ್ಲಾಗಿ ಉಳಿಯಬಲ್ಲದು. ಇದನ್ನೇ ಜಾಡು ಪಳೆಯುಳಿಕೆ ಎನ್ನುವುದು: ಹರಿದ ಗೆರೆ, ಕೊರೆದ ಬಿಲ, ಹೆಜ್ಜೆಗುರುತು, ಕೆರೆದು ತಿಂದ ಗೀರು, ಹಿಕ್ಕೆ ಎಲ್ಲವೂ ಅದರಲ್ಲಿ ಸೇರುತ್ತವೆ. ಚಿಪ್ಪನ್ನು ಅಲೆ ಎಲ್ಲಿಂದ ಎಲ್ಲಿಗೋ ಉರುಳಿಸಿಕೊಂಡು ಹೋಗಬಹುದು; ಜಾಡನ್ನು ಯಾವ ಅಲೆಯೂ ಎತ್ತಿ ಸಾಗಿಸಲಾರದು. ಅದು ಇರುವ ಜಾಗದಲ್ಲೇ ಪ್ರಾಣಿ ಇತ್ತು, ಜೀವಂತವಾಗಿತ್ತು.

ಆದರೆ ಜಾಡು ಹೇಳುವುದು ಪ್ರಾಣಿಯ ದೇಹ ಮಾಡಿದ ಕೆಲಸವನ್ನು, ಅದರ ಹೆಸರನ್ನಲ್ಲ. ಈ ಒಂದು ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭ. ಟ್ರೈಲೋಬೈಟ್ ಎಂದರೆ ಎಂದೋ ಅಳಿದುಹೋದ, ಚಿಪ್ಪೂ ಹಲವು ಕಾಲುಗಳೂ ಇದ್ದ ಸಮುದ್ರಜೀವಿ; ಒಂದೇ ಟ್ರೈಲೋಬೈಟ್ ನಡೆದರೆ ಒಂದು ಬಗೆಯ ಗುರುತು, ಕೆಸರನ್ನು ಉಳುತ್ತ ಸಾಗಿದರೆ ಇನ್ನೊಂದು, ಒಂದೆಡೆ ಅಗೆದು ಕೂತರೆ ಮತ್ತೊಂದು. ಇವಕ್ಕೆ ಕ್ರಮವಾಗಿ ಡಿಪ್ಲಿಕ್ನೈಟಿಸ್, ಕ್ರೂಜಿಯಾನಾ, ರೂಸೊಫೈಕಸ್ ಎಂಬ ಮೂರು ಹೆಸರು. ಇದರ ತಿರುವುಮುರುವೂ ನಿಜ: ಸಂಬಂಧವೇ ಇಲ್ಲದ ಎರಡು ಪ್ರಾಣಿಗಳು ಒಂದೇ ಕೆಲಸ ಮಾಡಿದರೆ ಒಂದೇ ಥರದ ಗುರುತು ಮೂಡಬಹುದು. ಹಾಗಾಗಿಯೇ ಜಾಡುಗಳಿಗೆ ಪ್ರಾಣಿಗಳಿಂದ ಬೇರೆಯಾದ ತಮ್ಮದೇ ಹೆಸರುಗಳಿವೆ.

ಮೊದಲು ಬಾದಾಮಿಯ ಮಾತು ಮುಗಿಸೋಣ. ಅಲ್ಲಿನ ಮರಳುಗಲ್ಲು ಕಲಾದಗಿ ಶಿಲಾಸಮೂಹಕ್ಕೆ ಸೇರಿದ್ದು, ಪ್ರೊಟೆರೊಜೋಯಿಕ್ ಕಾಲದ್ದು, ಅಂದರೆ ಸುಮಾರು 250 ಕೋಟಿಯಿಂದ 54 ಕೋಟಿ ವರ್ಷದ ಹಿಂದಿನವರೆಗಿನ ಕಾಲದ್ದು. ಆ ಕಾಲದ ಬಹುಪಾಲಿನಲ್ಲಿ ಕಣ್ಣಿಗೆ ಕಾಣುವ ಪ್ರಾಣಿಯ ಸುಳಿವೇ ಇಲ್ಲ. ನೀವು ಕಂಡದ್ದು ಬಿರುಕಾಗಿರುವ ಸಾಧ್ಯತೆಯೇ ಹೆಚ್ಚು. ತೆರೆಗಳು ಮರಳಿನ ಮೇಲೆ ಏರುತಗ್ಗು ಮೂಡಿಸಿದಾಗ ತಗ್ಗಿನಲ್ಲಿ ತೆಳುವಾದ ಕೆಸರು ನಿಲ್ಲುತ್ತದೆ. ಅದು ಕುಗ್ಗಿ ಬಿರಿದಾಗ ಬಿರುಕುಗಳು ತಗ್ಗಿನ ಗುಂಟವೇ ಡೊಂಕುಡೊಂಕಾಗಿ ಹೋಗುತ್ತವೆ. ಅವುಗಳಲ್ಲಿ ಮರಳು ತುಂಬಿ ಗಟ್ಟಿಯಾದರೆ ನೋಡಿದವರು ಹುಳುವೆಂದೇ ಹೇಳುತ್ತಾರೆ. ಮಂಚೂರಿಯಾದಲ್ಲಿ ಸಿಕ್ಕ ಇಂತಹ ಬಿರುಕುಗಳಿಗೆ ಪಾಚಿಯೆಂದು ತಿಳಿದು ಮಂಚೂರಿಯೊಫೈಕಸ್ ಎಂಬ ಹೆಸರನ್ನೂ ಕೊಟ್ಟಿದ್ದರು. ಗುರುತಿಸುವ ದಾರಿ ಇದೆ: ಬಿರುಕು ತುದಿಯಲ್ಲಿ ಸೂಜಿಯಾಗಿ ಚೂಪಾಗುತ್ತದೆ, ನಡುವೆ ಅಗಲ ಬದಲಾಗುತ್ತದೆ, ತಗ್ಗನ್ನು ಬಿಟ್ಟು ಏರನ್ನು ಹತ್ತುವುದಿಲ್ಲ. ಪ್ರಾಣಿಯ ಮೈಗೆ ಒಂದು ನಿರ್ದಿಷ್ಟ ಅಗಲವಿದೆ. ಆದ್ದರಿಂದ ಅದರ ಜಾಡಿನ ಅಗಲ ಆದಿಯಿಂದ ಅಂತ್ಯದವರೆಗೆ ಹೆಚ್ಚುಕಡಿಮೆ ಒಂದೇ. ಅದು ತನ್ನ ಗೆರೆಯನ್ನೇ ದಾಟಿ ಹೋಗುತ್ತದೆ, ದಾಟಿದಲ್ಲಿ ಹಳೆಯದನ್ನು ಕೆಡಿಸುತ್ತದೆ, ಎರಡೂ ಬದಿಗೆ ಮರಳನ್ನು ಸಣ್ಣ ಬದುವಾಗಿ ಒತ್ತಿರುತ್ತದೆ. ಬಿರುಕು ಮರಳನ್ನು ಬದಿಗೊತ್ತುವುದಿಲ್ಲ.

ಈ ಎಚ್ಚರ ಎಷ್ಟು ಬೇಕು ಎನ್ನುವುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. ಜಾಡು ಪಳೆಯುಳಿಕೆಗಳನ್ನು ಓದುವುದರಲ್ಲಿ ಇಪ್ಪತ್ತನೆಯ ಶತಮಾನದ ಅತಿ ದೊಡ್ಡ ಹೆಸರು ಜರ್ಮನಿಯ ಆಡಾಲ್ಫ್ ಝೈಲಾಖರ್. ಅವರು ಪ್ರದೀಪ್ ಬೋಸ್ ಮತ್ತು ಫ್ರೀಡ್ರಿಶ್ ಫ್ಲ್ಯೂಗರ್ ಜೊತೆ 1998ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಮಧ್ಯಪ್ರದೇಶದ ವಿಂಧ್ಯ ಶಿಲೆಗಳಲ್ಲಿ, ಚುರ್ಹಟ್ ಮರಳುಗಲ್ಲಿನ ಮೇಲೆ ಕಂಡ ಉಬ್ಬುಗೆರೆಗಳು ನೂರು ಕೋಟಿ ವರ್ಷಕ್ಕೂ ಹಳೆಯ ಹುಳುಗಳ ಬಿಲಗಳು ಎಂಬುದು ಅವರ ವಾದ. ಜಗತ್ತೇ ತಿರುಗಿ ನೋಡಿತು. ಆಮೇಲೆ 2002ರಲ್ಲಿ ಜಿರ್ಕಾನ್ ಎಂಬ ಖನಿಜದ ಹರಳುಗಳಿಂದ ಆ ಪದರಗಳ ವಯಸ್ಸು ಅಳೆದಾಗ ಅದು ಸುಮಾರು 160 ಕೋಟಿ ವರ್ಷ ಎಂದು ಬಂತು. ಅಂದರೆ ಆ ಹುಳುಗಳು ನಿಜವಾಗಿದ್ದರೆ, ಅವುಗಳ ವಂಶ ನೂರು ಕೋಟಿ ವರ್ಷ ಜಗತ್ತಿನ ಯಾವ ಸಮುದ್ರತಳದಲ್ಲೂ ಇನ್ನೊಂದು ಗೆರೆ ಎಳೆಯದೆ ಬದುಕಿರಬೇಕು. ಇದನ್ನು ಒಪ್ಪುವವರು ಈಗ ಬಹಳ ಕಡಿಮೆ. ಸಮುದ್ರತಳದಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಲೋಳೆ ಹಾಸು ಸುಕ್ಕಾಗಿಯೋ ಬಿರಿದೋ ಮೂಡಿದ ಗುರುತುಗಳೆಂದೇ ಹೆಚ್ಚಿನವರು ನೋಡುತ್ತಾರೆ. ಭೀಮಬೇಟ್ಕಾದ ಗುಹೆಯಲ್ಲಿ ಡಿಕಿನ್ಸೋನಿಯಾ ಎಂಬ ಪುರಾತನ ಪ್ರಾಣಿಯ ಪಳೆಯುಳಿಕೆ ಸಿಕ್ಕಿತೆಂದು 2021ರಲ್ಲಿ ಬಂದ ಸುದ್ದಿಯೂ ಹೀಗೆಯೇ ಆಯಿತು. ಇನ್ನೊಂದು ತಂಡ ಹೋಗಿ ನೋಡಿದಾಗ ಅದು ಬಂಡೆಗೆ ಅಂಟಿ ಉದುರುತ್ತಿದ್ದ ಜೇನುಗೂಡು. ಮೊದಲು ಬರೆದ ಭೂವಿಜ್ಞಾನಿ ಅದನ್ನು ಒಪ್ಪಿಕೊಂಡರು, ಅದು ದೊಡ್ಡತನ.

ಇನ್ನೂ ಕಷ್ಟದ ಪ್ರಸಂಗ 2008ರದ್ದು. ಬಹಾಮಾಸ್ ಬಳಿಯ ಆಳಸಮುದ್ರದ ತಳದಲ್ಲಿ ಗ್ರೋಮಿಯಾ ಎಂಬ ಏಕಕೋಶ ಜೀವಿಗಳು ನಿಧಾನವಾಗಿ ಉರುಳುತ್ತ ಹಿಂದೆ ಉದ್ದನೆಯ ಜಾಡು ಬಿಟ್ಟಿದ್ದವು. ಒಂದೇ ಕೋಶ, ಆದರೆ ಮೂರು ಸೆಂಟಿಮೀಟರಿನವರೆಗೆ ಗಾತ್ರ. ಜಾಡಿನ ಬದಿಯಲ್ಲಿ ಬದು ಕೂಡ ಇತ್ತು! ಅಲ್ಲಿಂದಾಚೆಗೆ ನೆಲದ ಮೇಲ್ಮೈಯಲ್ಲಿರುವ ಒಂದು ಸರಳ ಗೆರೆಯನ್ನಷ್ಟೇ ತೋರಿಸಿ 'ಇದು ಪ್ರಾಣಿ' ಎನ್ನಲು ಹೆಚ್ಚಿನವರು ಧೈರ್ಯ ಮಾಡುವುದಿಲ್ಲ. ಮಾಡಬಾರದು ಕೂಡ.

ಹಾಗಾದರೆ ಏನನ್ನು ನೋಡಿ ನಂಬುತ್ತೇವೆ? ಮರಳಿನ ಒಳಗೆ ನುಗ್ಗಿದ್ದನ್ನು. ಮೇಲ್ಮೈಯಲ್ಲಿ ಉರುಳುವುದು ಸುಲಭ, ಒಳಗೆ ನುಗ್ಗುವುದಕ್ಕೆ ಬಲ ಬೇಕು. ಮೂಳೆಯಿಲ್ಲದ ಮೈ ಆ ಬಲವನ್ನು ಎಲ್ಲಿಂದ ತರುತ್ತದೆ ಎನ್ನುವುದು ಈ ಶಾಸ್ತ್ರದ ತಿರುಳು. ಎರೆಹುಳುವನ್ನು ಗಮನಿಸಿ. ಅದರ ಚರ್ಮಕ್ಕೂ ಕರುಳಿಗೂ ನಡುವೆ ದ್ರವ ತುಂಬಿದ ಜಾಗವಿದೆ. ಸುತ್ತ ಬಳಸಿದ ಉಂಗುರ ಸ್ನಾಯು ಬಿಗಿದರೆ ಆ ಭಾಗ ಸಣ್ಣಗಾಗಿ ಉದ್ದವಾಗುತ್ತದೆ, ಮುಂದಕ್ಕೆ ಚುಚ್ಚುತ್ತದೆ. ಉದ್ದುದ್ದ ಸ್ನಾಯು ಬಿಗಿದರೆ ಗಿಡ್ಡವಾಗಿ ದಪ್ಪವಾಗುತ್ತದೆ, ಬಿಲದ ಗೋಡೆಗೆ ಒತ್ತಿ ಲಂಗರು ಹಾಕುತ್ತದೆ. ದ್ರವವನ್ನು ಹಿಂಡಿ ಚಿಕ್ಕದು ಮಾಡಲಾಗದು, ಹಾಗಾಗಿ ಒಂದು ಸ್ನಾಯುವಿನ ಬಲ ಇನ್ನೊಂದು ದಿಕ್ಕಿಗೆ ಹೊರಳುತ್ತದೆ. ಆ ದ್ರವವೇ ಅದರ ಅಸ್ಥಿಪಂಜರ. ಹೀಗೆ ಬಿಗಿದು ಸಡಿಲಾಗುವ ಅಲೆ ಮೈಯುದ್ದಕ್ಕೂ ಸಾಗಿದಾಗ ಹುಳು ಮುಂದೆ ಹೋಗುತ್ತದೆ, ಲಂಗರು ಹಾಕಿದಲ್ಲೆಲ್ಲ ಮರಳಿನ ಮೇಲೆ ಗುರುತು ಬೀಳುತ್ತದೆ. ದುಂಡುಹುಳುಗಳಿಗೆ ಉಂಗುರ ಸ್ನಾಯುವೇ ಇಲ್ಲ. ಅವು ಹೀಗೆ ತಳ್ಳಿಕೊಂಡು ಹೋಗಲಾರವು, ಮೈಯನ್ನು ಬಾಗಿಸುತ್ತ ಬಳುಕಿ ಹೋಗುತ್ತವೆ, ಜಾಡೂ ಬಳುಕುತ್ತದೆ. ಬ್ರೆಜಿಲ್‌ನ ಕೊರುಂಬಾ ಪ್ರದೇಶದಲ್ಲಿ ಎಕ್ಸ್‌ರೇ ಸ್ಕ್ಯಾನ್ ಮಾಡಿ 2017ರಲ್ಲಿ ವರದಿ ಮಾಡಿದ ಬಿಲಗಳ ಅಗಲ ಮಿಲಿಮೀಟರಿನ ಇಪ್ಪತ್ತರಲ್ಲೊಂದು ಭಾಗದಿಂದ ಶುರುವಾಗುತ್ತದೆ. ಎಡಿಯಾಕರನ್ ಕಾಲದ ಕೊನೆಗೇ ಅಂಥ ಚಿಕ್ಕ ದೇಹಗಳು ಕೆಸರಿನೊಳಗೆ ದಾರಿ ಮಾಡಿಕೊಳ್ಳುತ್ತಿದ್ದವು ಎಂದು ಅವು ಹೇಳುತ್ತವೆ. ಆ ಗಾತ್ರದ ಮೆತ್ತನೆಯ ಮೈ ತಾನೇ ಪಳೆಯುಳಿಕೆಯಾಗಿ ಸಿಗುವುದು ಎಲ್ಲೋ ಅಪರೂಪ.

ಎಡಿಯಾಕರನ್ ಎಂದರೆ 63.5 ಕೋಟಿ ವರ್ಷದಿಂದ 53.88 ಕೋಟಿ ವರ್ಷದ ಹಿಂದಿನವರೆಗಿನ ಕಾಲ; ಪ್ರಾಣಿಗಳ ಬಗೆಗಳು ಬಹಳವಾಗಿ ಹೆಚ್ಚಿದ ಕೇಂಬ್ರಿಯನ್ ಕಾಲದ ಹಿಂದಿನದು. ದಕ್ಷಿಣ ಆಸ್ಟ್ರೇಲಿಯಾದ ಎಡಿಯಾಕರಾ ಬೆಟ್ಟಗಳಿಂದ ಆ ಹೆಸರು ಬಂತು. ಆಗಿನ ಆಳವಿಲ್ಲದ ಸಮುದ್ರಗಳ ತಳಕ್ಕೆಲ್ಲ ಸೂಕ್ಷ್ಮಜೀವಿಗಳ ಲೋಳೆ ಹಾಸು ಹೊದೆಸಿತ್ತು. ಅದನ್ನು ಮೇಯುವವರು, ಅಗೆಯುವವರು ಕಡಿಮೆ. ಆ ಹಾಸಿನಿಂದಲೇ ಅಷ್ಟು ನವಿರಾದ ಗುರುತುಗಳು ನಮಗೆ ಉಳಿದು ಸಿಕ್ಕಿವೆ.

ಅದೇ ಬೆಟ್ಟಸಾಲಿನ ನಿಲ್ಪೀನಾದಲ್ಲಿ ಹೆಲ್ಮಿಂಥಾಯ್ಡಿಕ್ನೈಟಿಸ್ ಎಂಬ ಜಾಡು ಬಹಳ ಕಾಲದಿಂದ ಗೊತ್ತಿತ್ತು. ಒಂದೆರಡು ಮಿಲಿಮೀಟರ್ ಅಗಲ, ಎರಡೂ ಬದಿಗೆ ಬದು, ತೆಳು ಮರಳಿನ ಪದರದೊಳಗೆ ಅತ್ತಿತ್ತ ಸುತ್ತಾಟ. ಜಾಡು ಇತ್ತು, ಮಾಡಿದವರು ಇರಲಿಲ್ಲ. ಆದರೂ ಜಾಡನ್ನೇ ಓದಿದವರು ಪ್ರಾಣಿಯ ಚಿತ್ರ ಬರೆದಿಟ್ಟಿದ್ದರು: ಚಿಕ್ಕದು, ಉದ್ದುದ್ದ, ಎಡಬಲ ಸಮನಾಗಿರುವ ಮೈ, ಮುಂದೊಂದು ತುದಿ ಹಿಂದೊಂದು ತುದಿ, ಸ್ನಾಯು, ಬಹುಶಃ ಬಾಯಿಯಿಂದ ಗುದದವರೆಗೆ ಕರುಳು. ಕರುಳಿನ ಮಾತು ಹೇಗೆ ಬಂತೆಂದರೆ, ಆ ಜಾಡುಗಳು ಸುಮ್ಮನೆ ಅಲೆಯುತ್ತಿರಲಿಲ್ಲ. ಮರಳಿನಡಿ ಹೂತುಹೋದ ಬೇರೆ ಜೀವಿಗಳ ದೇಹದ ಕೆಳಗೆ, ಕೆಲವೊಮ್ಮೆ ಅದನ್ನು ಕೊರೆದೇ ಹೋಗಿದ್ದವು. ಸತ್ತದ್ದನ್ನು ಹುಡುಕಿ ತಿನ್ನುತ್ತಿದ್ದ ಪ್ರಾಣಿ ಎಂದಾಯಿತು. ಹುಡುಕುವುದೆಂದರೆ ನೀರಿನಲ್ಲೋ ಮರಳಿನಲ್ಲೋ ವಾಸನೆ ಹಿಡಿಯುವ ಯಾವುದೋ ಇಂದ್ರಿಯ ಮುಂದಿನ ತುದಿಯಲ್ಲಿರಬೇಕು.

ಆ ಬಿಲಗಳ ಹತ್ತಿರವೇ ಕಲ್ಲಿನ ಮೇಲೆ ಸಣ್ಣ ಸಣ್ಣ ಉದ್ದುರುಟು ಗುಳಿಗಳಿದ್ದವು. ಸ್ಕಾಟ್ ಇವಾನ್ಸ್, ಮೇರಿ ಡ್ರೋಸರ್ ಮತ್ತು ಸಂಗಡಿಗರು ಅವುಗಳನ್ನು ಲೇಸರ್ ಸ್ಕ್ಯಾನರಿನಿಂದ ಮೂರು ಆಯಾಮದಲ್ಲಿ ಅಳೆದಾಗ ಒಂದು ತುದಿ ಇನ್ನೊಂದಕ್ಕಿಂತ ದಪ್ಪವಿರುವ ಮೈ ಕಂಡಿತು. ಉದ್ದ 2ರಿಂದ 7 ಮಿಲಿಮೀಟರ್, ಅಗಲ 1ರಿಂದ 2.5 ಮಿಲಿಮೀಟರ್: ಹೆಚ್ಚುಕಡಿಮೆ ಒಂದು ಅಕ್ಕಿ ಕಾಳು. ನೂರಕ್ಕೂ ಹೆಚ್ಚು ಸಿಕ್ಕವು. 2020ರಲ್ಲಿ ಇಕಾರಿಯಾ ವಾರಿಯೂಟಿಯಾ ಎಂದು ಹೆಸರಿಟ್ಟರು. ವಯಸ್ಸು ಸುಮಾರು 55.5 ಕೋಟಿ ವರ್ಷ. ಗಾತ್ರವೂ ಆಕಾರವೂ ಜಾಡಿಗೆ ಸರಿಹೊಂದಿದವು. ಜಾಡಿನಲ್ಲಿ ಅಡ್ಡಡ್ಡ ವಿ ಆಕಾರದ ಏಣುಗಳಿದ್ದದ್ದರಿಂದ, ಎರೆಹುಳುವಿನ ಹಾಗೆ ಸ್ನಾಯುವಿನ ಅಲೆಯಿಂದಲೇ ಅದು ಸಾಗುತ್ತಿತ್ತು ಎಂದೂ ತಿಳಿಯಿತು. ನಿಮ್ಮ 'ಊಹೆಯಲ್ಲವೇ' ಎಂಬ ಪ್ರಶ್ನೆಗೆ ನನಗೆ ತೋಚುವ ಅತ್ಯುತ್ತಮ ಉತ್ತರ ಇಕಾರಿಯಾ. ಮೊದಲು ಜಾಡು ಮಾತನಾಡಿತು, ಆಮೇಲೆ ಸಿಕ್ಕ ಮೈ ಆ ಮಾತಿಗೆ ಒಪ್ಪುವಂತಿತ್ತು.

ಅದೇ ತಳದಲ್ಲಿ ಅದೇ ಕಾಲಕ್ಕೆ ಬೇರೆಯದೇ ರೀತಿ ಬದುಕಿದವೂ ಇದ್ದವು. ಡಿಕಿನ್ಸೋನಿಯಾ ಚಪ್ಪಟೆ, ಅಂಡಾಕಾರ, ಮೈತುಂಬ ಪಟ್ಟಿಗಳು. ಕೆಲವು ಒಂದು ಮೀಟರಿಗಿಂತಲೂ ಉದ್ದ. ಇದು ಪ್ರಾಣಿಯೋ, ಶಿಲೀಂಧ್ರವೋ, ಕಲ್ಲುಹೂವೋ ಎಂದು ದಶಕಗಟ್ಟಲೆ ಜಗಳವಾಗಿತ್ತು. ಅದರ ಜಾಡು ವಿಚಿತ್ರ: ಎಳೆದುಕೊಂಡು ಹೋದ ಗೆರೆಯಿಲ್ಲ. ಅದರದೇ ಮೈಯ ಆಕಾರದ ಮಸುಕಾದ ಅಚ್ಚು, ಪಕ್ಕದಲ್ಲಿ ಇನ್ನೊಂದು, ಅದರಾಚೆ ಮತ್ತೊಂದು, ಸಾಲಿನ ಕೊನೆಗೆ ಕೆಲವೊಮ್ಮೆ ಪ್ರಾಣಿಯೇ. ರಷ್ಯಾದ ಶ್ವೇತಸಮುದ್ರದ ದಡದಲ್ಲೂ ಆಸ್ಟ್ರೇಲಿಯಾದಲ್ಲೂ ಇಂಥವು ಸಿಕ್ಕಿವೆ. ಅಂದರೆ ಅದು ಲೋಳೆ ಹಾಸಿನ ಮೇಲೆ ಕೂತು, ಕೆಳಗಿನದನ್ನು ಕರಗಿಸಿ ಹೀರಿ, ಅಲ್ಲಿ ಮುಗಿದ ಮೇಲೆ ಎದ್ದು ಇನ್ನೊಂದು ಜಾಗಕ್ಕೆ ಹೋಗುತ್ತಿತ್ತು. ಶಿಲೀಂಧ್ರವಾಗಲಿ ಕಲ್ಲುಹೂವಾಗಲಿ ಜಾಗ ಬದಲಾಯಿಸುವುದಿಲ್ಲ. 2018ರಲ್ಲಿ ಶ್ವೇತಸಮುದ್ರದ ಮಾದರಿಗಳಲ್ಲಿ ಕೊಲೆಸ್ಟರಾಲ್‌ನ ಅವಶೇಷ ಪತ್ತೆಯಾಗಿ ಅದು ಪ್ರಾಣಿಯೆಂಬ ವಾದಕ್ಕೆ ರಸಾಯನಶಾಸ್ತ್ರದ ಬಲ ಬಂತು. 2022ರಲ್ಲಿ ಇನ್ನೊಂದು ಅಧ್ಯಯನ ಅದರ ಮೈಯಲ್ಲಿ ಕರುಳಿನೊಳಗಿನ ಆಹಾರದ ಗುರುತು ಇಲ್ಲವೆಂದು ತೋರಿಸಿತು. ಹೊಟ್ಟೆಯಡಿಯಿಂದಲೇ ಉಣ್ಣುವ ಪ್ರಾಣಿ ಎಂದು ಆ ಅಚ್ಚುಗಳು ಸೂಚಿಸಿದ್ದೂ ಇದನ್ನೇ.

ಅದೇ ಕಾಲದ ಕಿಂಬರೆಲ್ಲಾ ಎಂಬ ಪ್ರಾಣಿಯ ಕಥೆ ಇದಕ್ಕೆ ಎದುರು. 1960ರ ದಶಕದಲ್ಲಿ ಅದನ್ನು ಅಂಬಲಿಮೀನಿನ (ಜೆಲ್ಲಿಫಿಶ್) ಜಾತಿಗೆ ಸೇರಿಸಿದ್ದರು. 1997ರಲ್ಲಿ ಫೆಡೊಂಕಿನ್ ಮತ್ತು ವ್ಯಾಗನರ್ ಶ್ವೇತಸಮುದ್ರದ ಮಾದರಿಗಳನ್ನು ನೋಡಿ, ಇದು ಎಡಬಲ ಸಮನಾದ, ಮೃದ್ವಂಗಿಗಳನ್ನು ಹೋಲುವ ಪ್ರಾಣಿ ಎಂದರು. ಅದರ ಜೊತೆಗೆ ಸಿಗುವ ಗುರುತುಗಳು ಹಾಸಿನ ಮೇಲೆ ಕೆರೆದ ಜೋಡಿ ಗೀರುಗಳು, ಬೀಸಣಿಗೆಯಾಕಾರದಲ್ಲಿ ಹರಡಿದವು. ಜೋಡಿ ಗೀರು ಎಂದರೆ ಎರಡು ಗಟ್ಟಿ ಹಲ್ಲುಗಳು. ಬೀಸಣಿಗೆಯಾಕಾರ ಎಂದರೆ ಮೈಯನ್ನು ಒಂದೆಡೆ ನಿಲ್ಲಿಸಿ, ಚಾಚಬಲ್ಲ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿ, ಆಹಾರವನ್ನು ತನ್ನತ್ತ ಕೆರೆದುಕೊಂಡದ್ದು. ಇಂದಿನ ಬಸವನಹುಳು ಮುಂದೆ ಸಾಗುತ್ತ ಮೇಯುತ್ತದೆ. ಕಿಂಬರೆಲ್ಲಾ ಮೇಯುತ್ತ ಹಿಂದಕ್ಕೆ ಸರಿಯುತ್ತಿತ್ತು ಎಂದು ಗೀರುಗಳ ಕ್ರಮ ಹೇಳುತ್ತದೆ, ಏಕೆಂದರೆ ಮೇದ ಜಾಗವನ್ನು ಅದು ಮತ್ತೆ ತುಳಿದಿಲ್ಲ. ಆ ಹಲ್ಲುಗಳು ಪಳೆಯುಳಿಕೆಯಾಗಿ ಉಳಿಯಲಿಲ್ಲ, ಅವು ಮಾಡಿದ ಕೆಲಸ ಉಳಿಯಿತು. ಡಿಕಿನ್ಸೋನಿಯಾದಲ್ಲಿ ಕರುಳಿನ ಗುರುತಿಲ್ಲ ಎಂದ ಅದೇ 2022ರ ಅಧ್ಯಯನ, ಕಿಂಬರೆಲ್ಲಾದ ಕರುಳಿನಲ್ಲಿ ಪಾಚಿಯ ಅಂಶಗಳನ್ನು ಕಂಡಿತು.

ಇವೆಲ್ಲಕ್ಕಿಂತ ಹಳೆಯ ಗೆರೆಗಳೂ ಇವೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ಮಿಸ್ಟೇಕನ್ ಪಾಯಿಂಟ್‌ನಲ್ಲಿ ಸಿಕ್ಕ, ಸುಮಾರು 56.5 ಕೋಟಿ ವರ್ಷದ ಜಾಡುಗಳನ್ನು 2010ರಲ್ಲಿ ವರದಿ ಮಾಡಿದವರು ಇಂದಿನ ಸಮುದ್ರಹೂಗಳು (ಸೀ ಅನಿಮೋನ್ ಎಂಬ ಪ್ರಾಣಿಗಳು) ತಳದ ಮೇಲೆ ಜರುಗುವಾಗ ಬಿಡುವ ಗುರುತಿಗೆ ಹೋಲಿಸಿದರು. ಒಪ್ಪಿದರೆ, ಆ ಹೊತ್ತಿಗೇ ಸ್ನಾಯುವಿತ್ತು ಎಂದಾಗುತ್ತದೆ. ನಾನು ಇದನ್ನು ಇಕಾರಿಯಾದಷ್ಟು ಗಟ್ಟಿ ಸಾಕ್ಷಿ ಎನ್ನುವುದಿಲ್ಲ: ಇವು ಮೇಲ್ಮೈಯ ಗೆರೆಗಳು, ಗ್ರೋಮಿಯಾವನ್ನು ಕಂಡ ಮೇಲೆ ಎಚ್ಚರ ಬಿಡಲಾಗದು.

ಜಾಡೂ ಜಾಡು ಮಾಡಿದ ಪ್ರಾಣಿಯೂ ಒಂದೇ ಕಲ್ಲಿನಲ್ಲಿ, ಒಂದಕ್ಕೊಂದು ಅಂಟಿಕೊಂಡೇ ಸಿಗುವುದು ಬಹಳ ಅಪರೂಪ. ಚೀನಾದ ಯಾಂಗ್‌ಟ್ಸೆ ಕಣಿವೆಯಲ್ಲಿ ಸಿಕ್ಕು 2019ರಲ್ಲಿ ಪ್ರಕಟವಾದ ಯಿಲಿಂಗಿಯಾ ಹಾಗಿದೆ: ಹುಳುವಿನಂತಹ, ಖಂಡಖಂಡವಾದ, 27 ಸೆಂಟಿಮೀಟರಿನವರೆಗೆ ಉದ್ದದ ಪ್ರಾಣಿ, ಅದರ ಹಿಂದೆ ಸಾಯುವ ಮುನ್ನ ಎಳೆದ ಕೊನೆಯ ಜಾಡು. 55.1ರಿಂದ 53.9 ಕೋಟಿ ವರ್ಷಗಳ ನಡುವಿನದು. ಮೈಯಲ್ಲಿ ಖಂಡಗಳಿರುವುದು ಓಡಾಟಕ್ಕೆ ದೊಡ್ಡ ಅನುಕೂಲ: ಒಂದು ಭಾಗ ಲಂಗರು ಹಾಕಿದ್ದಾಗ ಇನ್ನೊಂದು ಭಾಗ ತಾನೇ ತಾನಾಗಿ ಚಾಚಬಹುದು. ಅದೇ ಶಿಲಾಪದರಗಳಿಂದ 2018ರಲ್ಲಿ ಎರಡು ಸಾಲು ಚುಕ್ಕಿಗಳ ಹೆಜ್ಜೆಜಾಡೊಂದು ವರದಿಯಾಗಿತ್ತು, ಪಕ್ಕದಲ್ಲೇ ಬಿಲಕ್ಕೆ ಸೇರಿಕೊಂಡಂತೆ. ಜೋಡಿ ಅವಯವಗಳು ಕೇಂಬ್ರಿಯನ್‌ಗೆ ಮೊದಲೇ ಇದ್ದವು ಎನ್ನುವುದಕ್ಕೆ ಅದು ಸಾಕ್ಷಿ, ಯಾವ ಪ್ರಾಣಿಯದೆಂದು ಯಾರೂ ಹೇಳಲಾರರು.

ಇನ್ನು ಕೇಂಬ್ರಿಯನ್. ಭೂಮಿಯ ಇತಿಹಾಸದ ಅತಿ ಮುಖ್ಯ ಗಡಿಗಳಲ್ಲಿ ಒಂದನ್ನು ಗುರುತಿಸಿರುವುದು ಒಂದು ಬಿಲದಿಂದ ಎಂದರೆ ಆಶ್ಚರ್ಯವಾಗಬಹುದು. 1992ರಲ್ಲಿ ನ್ಯೂಫೌಂಡ್‌ಲ್ಯಾಂಡ್‌ನ ಫಾರ್ಚೂನ್ ಹೆಡ್‌ನಲ್ಲಿ ಟ್ರೆಪ್ಟಿಕ್ನಸ್ ಪೀಡಂ ಎಂಬ ಜಾಡು ಮೊದಲು ಕಾಣುವ ಪದರವನ್ನೇ ಕೇಂಬ್ರಿಯನ್‌ನ ಆರಂಭವೆಂದು ಗೊತ್ತುಮಾಡಿದರು. ಆಮೇಲೆ ಅದೇ ಜಾಡು ಆ ಗೆರೆಗಿಂತ ಕೆಲವು ಮೀಟರ್ ಕೆಳಗೂ ಸಿಕ್ಕಿತು. ಗಡಿಯನ್ನು ಹಾಗೇ ಉಳಿಸಿಕೊಂಡಿದ್ದಾರೆ. ಹಿಂದಿನ ಜಾಡುಗಳೆಲ್ಲ ಹೆಚ್ಚಾಗಿ ಹಾಸಿನ ಗುಂಟ, ಅಡ್ಡಕ್ಕೆ. ಇದು ಹಾಗಲ್ಲ. ಪ್ರಾಣಿ ಕೆಸರಿನಡಿ ಸಾಗುತ್ತ, ಮತ್ತೆ ಮತ್ತೆ ಮೇಲಕ್ಕೆ ಬಾಗಿ ಚುಚ್ಚಿ ನೋಡುತ್ತದೆ, ಹಿಂದೆ ಸರಿಯುತ್ತದೆ, ಸ್ವಲ್ಪ ಮುಂದೆ ಹೋಗಿ ಮತ್ತೆ ಚುಚ್ಚುತ್ತದೆ. ಅದನ್ನು ಮಾಡಬಲ್ಲ ಮೈ ಯಾವುದು? ಫ್ರಾನ್ಸಿನ ಜಾಂ ವಾನಿಯೆ ಮತ್ತು ಸಂಗಡಿಗರು ಪ್ರಯಾಪುಲಿಡ್ ಎಂಬ ಜೀವಂತ ಕಡಲಹುಳುಗಳನ್ನು ಕೆಸರಿನಲ್ಲಿ ಬಿಟ್ಟು ನೋಡಿ 2010ರಲ್ಲಿ ಉತ್ತರಿಸಿದರು. ಈ ಹುಳು ಮುಳ್ಳುಗಳಿರುವ ಗಂಟಲನ್ನು ಒಳಹೊರಗು ಮಾಡಿ ಮುಂದಕ್ಕೆ ಚಿಮ್ಮಿಸುತ್ತದೆ, ಅದನ್ನು ಉಬ್ಬಿಸಿ ಲಂಗರು ಹಾಕಿ ಉಳಿದ ಮೈಯನ್ನು ಎಳೆದುಕೊಳ್ಳುತ್ತದೆ. ಅದು ಬಿಟ್ಟ ಜಾಡು ಟ್ರೆಪ್ಟಿಕ್ನಸ್‌ಗೆ ತೀರ ಹತ್ತಿರ. ಜಾಡನ್ನು ಅರಿಯಲು ಜೀವಂತ ಪ್ರಾಣಿಯನ್ನು ನಡೆಸಿ ನೋಡುವ ಈ ಪದ್ಧತಿ ಹಳೆಯದು. ಕಲ್ಲಿನ ಮೇಲಿನ ಕವಲೊಡೆದ ಗುರುತುಗಳನ್ನೆಲ್ಲ ಕಡಲಪಾಚಿ ಎನ್ನುತ್ತಿದ್ದ ಕಾಲದಲ್ಲಿ, 1881ರಲ್ಲಿ, ಸ್ವೀಡನ್‌ನ ಆಲ್ಫ್ರೆಡ್ ನಾಥೊರ್ಸ್ಟ್ ಹುಳುಗಳನ್ನೂ ಸೀಗಡಿಯಂತಹ ಜೀವಿಗಳನ್ನೂ ಹಸಿ ಕೆಸರಿನ ಮೇಲೆ ಹರಿಯಬಿಟ್ಟು ಅವುಗಳಲ್ಲಿ ಅನೇಕವು ಜಾಡುಗಳೆಂದು ತೋರಿಸಿದ್ದರು.

ಅಗೆತ ಆಳವಾದಂತೆ ಲೋಳೆ ಹಾಸು ಹರಿದುಹೋಯಿತು, ಆಮ್ಲಜನಕವಿರುವ ನೀರು ಕೆಸರಿನೊಳಗೆ ಇಳಿಯಿತು, ಹಾಸಿನ ಮೇಲೆ ಅಂಟಿ ಬದುಕುವವರ ನೆಲೆ ಕುಸಿಯಿತು. ಡಿಕಿನ್ಸೋನಿಯಾದಂಥವು ಕಾಣೆಯಾಗಲು ಇದೊಂದೇ ಕಾರಣವಲ್ಲ, ಆದರೆ ಸಮುದ್ರತಳ ಮತ್ತೆ ಹಳೆಯ ಹಾಗಾಗಲಿಲ್ಲ.

ಕಾಲುಗಳ ವಿಷಯಕ್ಕೆ ಬಂದರೆ ಓದು ಇನ್ನೂ ನಿಖರ. 1851ರಲ್ಲಿ ಕೆನಡಾದ ಭೂವಿಜ್ಞಾನಿ ವಿಲಿಯಂ ಲೋಗನ್ ಲಂಡನ್ನಿಗೆ ತಂದ ಪಾಟ್ಸ್‌ಡ್ಯಾಮ್ ಮರಳುಗಲ್ಲಿನ ಹೆಜ್ಜೆಜಾಡನ್ನು ನೋಡಿ ಬ್ರಿಟನ್ನಿನ ಅಂಗರಚನಾ ಶಾಸ್ತ್ರಜ್ಞ ರಿಚರ್ಡ್ ಓವನ್ 'ಆಮೆ' ಎಂದರು. ಮರುವರ್ಷ ಇನ್ನಷ್ಟು ಕಲ್ಲುಗಳು ಬಂದಾಗ ಹೆಜ್ಜೆಗಳನ್ನು ಎಣಿಸಿ, ಅಷ್ಟು ಕಾಲುಗಳು ಆಮೆಗಿರಲಾರವು ಎಂದು ಕಂಡು, ಕೀಲುಕಾಲಿನ ಸಂಧಿಪದಿಯೆಂದು ತಿದ್ದಿಕೊಂಡರು. ರೂಸೊಫೈಕಸ್ ಎಂಬ ಅಗೆದು ಕೂತ ಗುಳಿಯಲ್ಲಿ ಎರಡು ಹಾಲೆಗಳಿರುತ್ತವೆ, ಪ್ರತಿ ಹಾಲೆಯಲ್ಲಿ ಕಾಲುಗಳ ಗೀರು. ಒಮ್ಮೊಮ್ಮೆ ಕಾಲಿನ ತುದಿಯಲ್ಲಿ ಎಷ್ಟು ಉಗುರುಗಳಿದ್ದವೆಂದೂ ಎಣಿಸಬಹುದು. ಚಿಪ್ಪು ಗಟ್ಟಿಯಾಗಿ ಉಳಿದ ಟ್ರೈಲೋಬೈಟ್‌ಗಳಲ್ಲೂ ಕಾಲುಗಳು ಉಳಿದಿರುವುದು ವಿರಳವಾದ್ದರಿಂದ ಈ ಗೀರುಗಳಿಗೆ ಬೆಲೆ ಹೆಚ್ಚು. ಅಮೆರಿಕದ ಸಿನ್ಸಿನಾಟಿ ಸುತ್ತಿನ ಕಲ್ಲುಗಳಲ್ಲಿ ಫ್ಲೆಕ್ಸಿಕ್ಯಾಲಿಮಿನಿ ಎಂಬ ಟ್ರೈಲೋಬೈಟ್ ತಾನೇ ತೋಡಿದ ಗುಳಿಯ ಮೇಲೆ ಕೂತೇ ಕಲ್ಲಾಗಿದೆ. ಅಲ್ಲಿ ವಾದಕ್ಕೆ ಜಾಗವಿಲ್ಲ. ಟ್ರೈಲೋಬೈಟ್‌ಗಳ ಚಿಪ್ಪು ಮೊದಲು ಸಿಗುವುದು ಸುಮಾರು 52.1 ಕೋಟಿ ವರ್ಷ ಹಿಂದೆ. ರೂಸೊಫೈಕಸ್ ಗುಳಿಗಳು ಅದಕ್ಕೂ ಕೆಳಗಿನ ಪದರಗಳಲ್ಲಿವೆ. ಚಿಪ್ಪು ಗಟ್ಟಿಯಾಗುವ ಮೊದಲೇ ಅಗೆಯಬಲ್ಲ ಕಾಲುಗಳಿದ್ದ ಸಂಧಿಪದಿಗಳು ಓಡಾಡುತ್ತಿದ್ದವು ಎಂದು ಮೊದಲು ಹೇಳಿದ್ದು ಆ ಗುಳಿಗಳೇ.

ಸ್ವೀಡನ್‌ನ ಮಿಕ್‌ವಿಟ್ಸಿಯಾ ಮರಳುಗಲ್ಲಿನಲ್ಲಿ, ಕೇಂಬ್ರಿಯನ್‌ನ ಆರಂಭ ಕಾಲದ ಪದರಗಳಲ್ಲಿ, ಹುಳುವಿನ ಬಿಲಗಳ ಮೇಲೆಯೇ ರೂಸೊಫೈಕಸ್ ಗುಳಿಗಳಿವೆ. ಸೋರೆನ್ ಜೆನ್ಸನ್ 1990ರಲ್ಲಿ ಇದನ್ನು ಬೇಟೆ ಎಂದು ಓದಿದರು: ಮೇಲೆ ನಡೆಯುತ್ತಿದ್ದ ಟ್ರೈಲೋಬೈಟ್ ಕಣ್ಣಿಗೆ ಕಾಣದ ಹುಳುವಿನ ಜಾಗ ಪತ್ತೆಹಚ್ಚಿ, ಅಲ್ಲೇ ಅಗೆದು, ಕಾಲುಗಳ ನಡುವೆ ಸಿಕ್ಕಿಸಿಕೊಂಡಿತ್ತು. ಇಕಾರಿಯಾ ಹುಡುಕುತ್ತಿದ್ದದ್ದು ಸತ್ತವರನ್ನು. ಇಲ್ಲಿ ಹುಡುಕಾಟ ಜೀವಂತ, ಓಡಿಹೋಗಬಲ್ಲ ಪ್ರಾಣಿಯದು, ಎರಡೂ ಕಡೆಯವರ ಕೆಲಸ ಒಂದೇ ಕಲ್ಲಿನಲ್ಲಿ ಉಳಿದಿದೆ.